ಗುಂಡು ಕೂರಿಸುವ ಡೈಯೂ ಅತ್ತೆಯ ಗಂಧವೂ

ಈ ಬೆಳಿಗ್ಗೆ ಲಂಡನ್ನಿನ ಅಂಚಿನ ಕೆಂಟನ್ನಿನಲ್ಲಿ, ನಮ್ಮ ಅಡುಗೆಮನೆಯಲ್ಲಿ ಗಂಧ ತೇಯುತ್ತ ಕೂತಿದ್ದೇನೆ. ಪೂಜೆ ಪುನಸ್ಕಾರಕ್ಕೆ ಹೆಸರಾದವಳು ನಾನಲ್ಲ. ಮನೆಯವರು ಚಹದ ಕಪ್ಪು ಹಿಡಿದು ಬಂದು, ಸಾಣೆಕಲ್ಲನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಏನೂ ಕೇಳದೆ ಹಿಂದಕ್ಕೆ ಹೋದರು. ಬಹಳ ವರ್ಷದ ಸಂಸಾರ ಗಂಡಸರಿಗೆ ಇಷ್ಟಾದರೂ ವಿವೇಕ ಕಲಿಸುತ್ತದೆ. ಇವತ್ತು ಖಂಡೇನವಮಿ, ನಮ್ಮ ಧಾರವಾಡದ ಕಡೆ ಆಯುಧಪೂಜೆಗೆ ಹೇಳುವ ಹೆಸರು. ಪ್ರತಿ ವರ್ಷ ಗಂಧ ತೇಯುತ್ತಿದ್ದವರು ಅತ್ತೆ. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಗಂಧದ ವಾಸನೆ ಬಂದರೆ ನಿಮಗೆ ದೇವರ ಕೋಣೆ ನೆನಪಾದೀತು. ನನಗೆ ನೆನಪಾಗುವುದು ರೈಫಲ್ಲು.

ಗಾಬರಿಯಾಗಬೇಡಿ, ನಾನು ಸಾಧು ಹೆಂಗಸೇ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದಾಗ ಹತ್ತಿದ ಹುಚ್ಚು ಇದು. ಮದುವೆಯಾಗಿ ಲಂಡನ್ನಿಗೆ ಬಂದು, ಮಕ್ಕಳು ದೊಡ್ಡವರಾದ ಮೇಲೆ, ಊರಾಚೆಯ ಒಂದು ರೈಫಲ್ ಕ್ಲಬ್ಬು ಸೇರಿದೆ. ಕಾಗದದ ಗುರಿ ಬಿಟ್ಟು ಬೇರೇನನ್ನೂ ನಾನು ಹೊಡೆದಿಲ್ಲ. ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ಹೆಚ್ಚು ಹಿಂಸೆ ನಡೆಯುವುದು ಬದನೆಕಾಯಿಯ ಮೇಲೆ.

ಕ್ಲಬ್ಬಿನ ಬಹಳ ಮಂದಿಯ ಹಾಗೆ ನಾನೂ ಕಾಡತೂಸನ್ನು ಕೈಯಾರೆ ಕಟ್ಟಿಕೊಳ್ಳುತ್ತೇನೆ. ಹಿತ್ತಾಳೆಯ ಕೇಸು, ಒಳಗೆ ಅಳತೆಯ ಮದ್ದು, ಬಾಯಿಗೆ ಗುಂಡು. ಕೊನೆಯ ಕೆಲಸ ಗುಂಡನ್ನು ಕೇಸಿನ ಬಾಯಲ್ಲಿ ಕೂರಿಸುವುದು, ಎಷ್ಟು ಆಳಕ್ಕೆ ಕೂರಿಸಬೇಕೆಂಬುದೇ ಇಡೀ ವಿದ್ಯೆ. ಗುಂಡು ಹೊರಟ ಮೇಲೆ ನಳಿಕೆಯೊಳಗಿನ ಸುರುಳಿ ಗೀರುಗಳನ್ನು ಮುಟ್ಟುವ ಮೊದಲು ಒಂದು ಸಣ್ಣ ಸಂದು ದಾಟಬೇಕು, ಟ್ಯೂಬ್ ರೈಲಿನಲ್ಲಿ ಪ್ಲಾಟ್‌ಫಾರ್ಮಿಗೂ ಗಾಡಿಗೂ ನಡುವೆ ಇರುತ್ತದಲ್ಲ, ಹಾಗೆ. ಯಾವ ರೈಫಲ್ಲಿಗೆ ಎಷ್ಟು ಸಂದು ಹಿತವೆಂದು ಹೊಡೆದೇ ನೋಡಬೇಕು. ಕೂದಲೆಳೆಯಷ್ಟು ಆಳ ಬದಲಿಸುತ್ತ ಹೋದರೆ ಎಲ್ಲೋ ಒಂದು ಕಡೆ ಕಾಗದದ ಮೇಲಿನ ತೂತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದೇ ಸರಿಯಾದ ಆಳ. ಸಂಕೋಚವಿಲ್ಲದೆ ಹೇಳುತ್ತೇನೆ, ಇದರಲ್ಲಿ ನಾನು ಜಾಣೆ. ಕ್ಲಬ್ಬಿನ ಕೆಲವು ಗಂಡಸರು ಈಗಲೂ ಗುಂಡಿನ ತುದಿಯಿಂದ ಉದ್ದ ಅಳೆಯುತ್ತಾರೆ. ತುದಿಗಳು ಒಂದರ ಹಾಗೆ ಒಂದಿರುವುದಿಲ್ಲ. ಅಳೆಯಬೇಕಾದದ್ದು ಗುಂಡು ಉಬ್ಬುವ ಜಾಗದಿಂದ. ಹೇಳಿ ಹೇಳಿ ನನಗೂ ಸಾಕಾಗಿದೆ.

ಅತ್ತೆಗೆ ಈ ವಿದ್ಯೆ ಬೇಕಾಗಿರಲಿಲ್ಲ. ಲೈಸೆನ್ಸಿಗೆ ಮೊದಲು ಮನೆಯಲ್ಲಿ ಗನ್ ಕಪಾಟು ಭದ್ರವಾಗಿದೆಯೇ ಎಂದು ನೋಡಲು ಪೊಲೀಸರ ಕಡೆಯವರೊಬ್ಬರು ಬಂದರು. ಒಳ್ಳೆಯ ಮನುಷ್ಯ, ಚಹ ಕುಡಿದು, ಅತ್ತೆಗೆ ಕೈಮುಗಿದು ಹೋದರು. ಬಾಗಿಲು ಹಾಕಿದ್ದೇ ತಡ ಅತ್ತೆ ಮಗನಿಗೆ ಹೇಳಿದರು:

"ಪೊಲೀಸ್ರು ಬಂದು ಹೋದ ಮನಿ ಆತಲ್ಲೋ ಇದು. ಬಾಜೂದವ್ರು ಏನಂದ್ಕೋಬೇಕು?"

ನನಗೆ ಏನೂ ಹೇಳಲಿಲ್ಲ. ಅಂದಿನಿಂದ ನನ್ನ ಜೊತೆ ಮಾತೇ ನಿಂತಿತು. ಅನ್ನ ಬಡಿಸುತ್ತಿದ್ದರು, ನನ್ನ ಬಟ್ಟೆ ಮಡಿಸಿಡುತ್ತಿದ್ದರು. ಮಾತು ಮಾತ್ರ ಗಂಡನ ಮೂಲಕ, ಇಲ್ಲವೇ ಗೋಡೆಯ ಮೂಲಕ. ಅತ್ತೆ ಎಂದರೆ ನನಗೆ ಜೀವ. ತಾಯಿ ಇಲ್ಲದ ನನಗೆ ಎರಡೂ ಬಾಣಂತನ ಮಾಡಿದವರು ಅವರು. ರೈಫಲ್ಲು ಮಾರಿಬಿಡಲೇ ಎಂದು ಎಷ್ಟೋ ಸಲ ಅಂದುಕೊಂಡೆ. ಮಾರಲಿಲ್ಲ. ಹಟ ನನಗೂ ಕಡಿಮೆಯಿಲ್ಲ. ಮಹಡಿಯ ಸಣ್ಣ ಕೋಣೆಯಲ್ಲಿ ಬೆಂಚಿಗೆ ಬಿಗಿದ, ಕಾಡತೂಸು ಒತ್ತುವ ಪ್ರೆಸ್ಸಿನ ಮುಂದೆ ನಾನು ಕೂತಿದ್ದಾಗ ಅತ್ತೆ ಇಸ್ತ್ರಿ ಮಾಡಿದ ಬಟ್ಟೆ ಇಡುವ ನೆಪದಲ್ಲಿ ಬರುತ್ತಿದ್ದರು, ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು, ಹೋಗುತ್ತಿದ್ದರು.

ಆ ವರ್ಷದ ಖಂಡೇನವಮಿಯ ಸಂಜೆ ಕೋಣೆಗೆ ಹೋದೆ. ಪ್ರೆಸ್ಸಿನ ಹಿಡಿಕೆಯ ಮೇಲೆ ಒಂದು ಸೇವಂತಿಗೆ, ಕೆಳಗೆ ಕುಂಕುಮದ ಬೊಟ್ಟು. ಅಲ್ಲೇ ಕೂತು ಅತ್ತುಬಿಟ್ಟೆ. ಖಂಡೇನವಮಿಯಂದು ಪೂಜೆಯಾದ ಆಯುಧ ಮುಟ್ಟುವ ಹಾಗಿಲ್ಲ. ಹೂ ಸರಿಸದೆ ಬಾಗಿಲು ಎಳೆದುಕೊಂಡು ಬಂದೆ. ಮರುದಿನ ದಸರೆ. ಅದರ ಮರುದಿನ ಕ್ಲಬ್ಬಿನ ತಂಡಕ್ಕೆ ಆಯ್ಕೆ. ದಸರೆಯ ದಿನ ಕೂತು ಉಲ್ಲಾಸದಿಂದ ಕಾಡತೂಸು ಕಟ್ಟಿದೆ. ಆಳ ತಿಂಗಳುಗಟ್ಟಲೆ ಹೊಡೆದು ಹಿಡಿದದ್ದು, ಗುಂಡು ಕೂರಿಸುವ ಡೈಯನ್ನು ಆ ಆಳಕ್ಕೇ ಬಿಗಿ ಮಾಡಿಟ್ಟದ್ದು. ಮತ್ತೆ ಅಳೆಯುವುದೇನು ಎಂಬ ಧೈರ್ಯ.

ಆಯ್ಕೆಯಲ್ಲಿ ನನ್ನ ಗುಂಡುಗಳು ಗುರಿಯ ತುಂಬ ಚೆಲ್ಲಾಪಿಲ್ಲಿಯಾದವು. ಅಂಟಿ ಕೂರುತ್ತಿದ್ದ ತೂತುಗಳು ಸಂತೆಗೆ ಬಂದವರ ಹಾಗೆ ಚದುರಿದ್ದವು. ಅನುಮಾನ ಬಂದು ಹೊಡೆಯುವುದನ್ನು ನಿಲ್ಲಿಸಿ, ಉಳಿದವುಗಳನ್ನು ಅಲ್ಲೇ ಅಳೆದೆ. ಒಂದೊಂದು ಒಂದೊಂದು ಆಳ, ಎಲ್ಲವೂ ಬೇಕಾದ್ದಕ್ಕಿಂತ ಹೆಚ್ಚು. ಆಳ ಹೆಚ್ಚಾದರೆ ಒಳಗಿನ ಒತ್ತಡವೂ ಏರುತ್ತದೆ. ನಾನು ಮದ್ದನ್ನು ಹಿಡಿತದಲ್ಲಿ ಹಾಕುವವಳು, ಬಚಾವಾದೆ. ತಂಡದಲ್ಲಿ ಜಾಗ ಸಿಗಲಿಲ್ಲ.

ಮನೆಗೆ ಬಂದು ಡೈ ಬಿಚ್ಚಿದೆ. ಡೈ ಎಂದರೆ ಉಕ್ಕಿನ ಕೊಳವೆ; ಅದರೊಳಗೆ ಗುಂಡಿನ ತಲೆಯನ್ನು ಒತ್ತುವ ಒಂದು ಕಡ್ಡಿ ಇರುತ್ತದೆ. ಕಡ್ಡಿಯ ತುದಿಗೆ ಹಳದಿ ಹಕ್ಕಳೆಯೊಂದು ಗಟ್ಟಿಯಾಗಿ ಮೆತ್ತಿ ಅದನ್ನು ಅಷ್ಟು ಉದ್ದ ಮಾಡಿತ್ತು, ಅಲ್ಲಲ್ಲಿ ಉದುರಿಯೂ ಇತ್ತು. ಮೂಗಿಗೆ ಹಿಡಿದೆ. ಗಂಧ.

ಕೆಳಗೆ ಬಂದೆ. ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆ ಕೇಳಿದರು:

"ಹೆಂಗಾತು ನಿನ್ನ ಆಟ?"

ಎಷ್ಟೋ ತಿಂಗಳ ಮೇಲೆ ನನಗೆಂದೇ ಆಡಿದ ಮೊದಲ ಮಾತು.

"ಛಲೋ ಆತ್ರಿ ಅತ್ತಿ. ನೀವು ಮಷೀನಿಗೆ ಗಂಧ ಹಚ್ಚೀರೇನು?"

"ಹಚ್ಚೇನಿ. ಒಳಗ ಆ ಕಡ್ಡಿ ಅದ ನೋಡು, ಅದಕ್ಕ, ಕೆಳಗಿಂದ ಬೆಂಕಿಕಡ್ಡಿಗೆ ಹತ್ತಿ ಸುತ್ತಿ. ಗುಂಡು ಕೂಡಸೋದು ಅದಽ ಅಲ್ಲೇನು? ಹೊಲಿಗಿ ಮಷೀನಿಗೆ ಸೂಜಿಗೆ ಹಚ್ತೀನಿ, ಈಳಿಗಿಗೆ ಬಾಯಿಗೆ ಹಚ್ತೀನಿ. ಕೆಲಸ ಮಾಡೋದಕ್ಕ ಹಚ್ಚಬೇಕವಾ. ಹಿಡಿಕಿಗೆ ಹಚ್ಚಿದ್ರ ಏನು ಬಂತು?"

ಮಾತು ಬಿಟ್ಟ ಅಷ್ಟೂ ದಿನ ಬಾಗಿಲಲ್ಲಿ ನಿಂತು ಅವರು ನೋಡುತ್ತಿದ್ದದ್ದು ಇದನ್ನು. ಗುಂಡು ಕೂರಿಸುವುದು ಪ್ರೆಸ್ಸಲ್ಲ, ಹಿಡಿಕೆಯಲ್ಲ, ಒಳಗಿನ ಆ ಕಡ್ಡಿ ಎಂದು ಮನೆಯಲ್ಲಿ ನನ್ನನ್ನು ಬಿಟ್ಟರೆ ಗೊತ್ತಿದ್ದದ್ದು ಅವರೊಬ್ಬರಿಗೆ. ಸೊಪ್ಪು ಬಿಡಿಸಲು ನಾನೂ ಕೂತೆ. ತಂಡ ಮುಂದಿನ ವರ್ಷ ಸಿಕ್ಕಿತು.

ಆಮೇಲೆ ಪ್ರತಿ ನವಮಿಗೆ ಅತ್ತೆ ಕಡ್ಡಿಗೆ ಗಂಧ ಹಚ್ಚುವುದು, ದಸರೆಯ ದಿನ ನಾನು ಸದ್ದಿಲ್ಲದೆ ಡೈ ಬಿಚ್ಚಿ ಸ್ಪಿರಿಟ್ಟಿನಲ್ಲಿ ತೊಳೆಯುವುದು, ಆಳವನ್ನು ಮತ್ತೆ ಅಳೆದು ಸರಿಮಾಡುವುದು ಪದ್ಧತಿಯಾಯಿತು. ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೂ ಹಚ್ಚುತ್ತಿದ್ದರು ಬಿಡಿ.

ಈ ಸಲ ನನ್ನದೇ ಕಾರುಬಾರು. ಹಿಡಿಕೆಗೊಂದು ಬೊಟ್ಟು ಇಟ್ಟರೆ ಶಾಸ್ತ್ರ ಮುಗಿಯಿತು, ತೊಳೆಯುವ ರಗಳೆಯೂ ಇಲ್ಲ ಎಂದು ರಾತ್ರಿಯೇ ಠರಾಯಿಸಿದ್ದೆ. ಬಟ್ಟಲು ಹಿಡಿದು ಮೇಲೆ ಬಂದಿದ್ದೇನೆ. ಹಿಡಿಕೆಯ ಮುಂದೆ ಬೆರಳು ನಿಂತಿತು. ಪ್ರೆಸ್ಸಿನಿಂದ ಡೈ ಬಿಚ್ಚಿ, ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಗಂಧದಲ್ಲಿ ಅದ್ದಿ, ಒಳಗಿನ ಕಡ್ಡಿಯ ತುದಿಗೆ ದಪ್ಪಗೆ ಹಚ್ಚಿದೆ.

ನಾಳೆ ತೊಳೆದರಾಯಿತು. ಅಳೆಯುವುದು ನನಗೆ ಬರುತ್ತದೆ.