ಅಣ್ಣನನ್ನು ಕೂರಿಸುವವರು ಯಾರು

ನಮ್ಮ ವಾಲಿಬಾಲ್ ತಂಡದಲ್ಲಿ ಜರ್ಸಿಗೆ ನಂಬರು ಹಾಕುವುದಕ್ಕೆ ಒಂದು ಪದ್ಧತಿ ಇತ್ತು. ನೀವು ಹೇಗೆ ಆಡುತ್ತೀರಿ, ಯಾವ ಜಾಗದಲ್ಲಿ ನಿಲ್ಲುತ್ತೀರಿ ಎಂಬುದೆಲ್ಲ ಅಲ್ಲಿ ಲೆಕ್ಕಕ್ಕೇ ಇರಲಿಲ್ಲ. ಬಹರೈನ್‌ಗೆ ಯಾರು ಮೊದಲು ಬಂದರೋ ಅವರಿಗೆ ಒಂದನೇ ನಂಬರು, ಅವರ ನಂತರ ಬಂದವರಿಗೆ ಎರಡು, ಹೀಗೆ. ಕಣಕ್ಕಿಳಿಯುವ ಆರು ಮಂದಿಯನ್ನು ಆರಿಸುವಾಗಲೂ ಇದೇ ಕ್ರಮ. ಸಣ್ಣ ನಂಬರಿನವರು ಒಳಗೆ, ದೊಡ್ಡ ನಂಬರಿನವರು ಬೆಂಚಿಗೆ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಮೂರು ವರ್ಷ ಆ ತಂಡದ ಮ್ಯಾನೇಜರ್ ಆಗಿದ್ದು ಈ ಪದ್ಧತಿಯ ಜೊತೆ ಗುದ್ದಾಡಿ ನನಗೆ ಬಿಪಿ ಮಾತ್ರೆ ಶುರುವಾಯಿತೇ ಹೊರತು ಬೇರೇನೂ ಆಗಲಿಲ್ಲ.

ನನ್ನನ್ನು ಮ್ಯಾನೇಜರ್ ಮಾಡಿದ್ದು ನಾನು ದೊಡ್ಡ ಆಟಗಾರನೆಂದಲ್ಲ. ಎಂಜಿನಿಯರಿಂಗ್ ಕಾಲೇಜಿನ ತಂಡದಲ್ಲಿ ನಾಲ್ಕು ವರ್ಷ ಬೆಂಚು ಕಾಯಿಸಿದವನು ನಾನು. ಊರು ದಾವಣಗೆರೆ. ತಂಡದವರೆಲ್ಲ ಉಡುಪಿ, ಕುಂದಾಪುರದ ಕಡೆಯವರು. ಗ್ಯಾರೇಜು, ಹೋಟೆಲು, ಏಸಿ ರಿಪೇರಿ, ಸೂಪರ್‌ಮಾರ್ಕೆಟ್ಟು ಎಂದು ದುಡಿಯುವವರು. ನನ್ನ ಹತ್ತಿರ ಏಳು ಜನ ಕೂರುವ ಗಾಡಿ ಇತ್ತು, ಮೈದಾನಕ್ಕೆ ಅನುಮತಿ ಕೇಳಿ ಇಂಗ್ಲಿಷಿನಲ್ಲಿ ಪತ್ರ ಬರೆಯಲು ಬರುತ್ತಿತ್ತು, ಅವರ ಊರುಗಳ ಹಳೇ ಜಗಳಗಳಲ್ಲಿ ನಾನು ಯಾವ ಕಡೆಯವನೂ ಆಗಿರಲಿಲ್ಲ. ಇಷ್ಟು ಸಾಕಾಯಿತು. ಪ್ರತಿ ಶುಕ್ರವಾರ ಬೆಳಿಗ್ಗೆ ಜಿಂಜ್‌ನ ನಮ್ಮ ಮನೆಯಿಂದ ಹೊರಟು, ಗುದೈಬಿಯಾದಲ್ಲಿ ಹುಡುಗರನ್ನು ಹತ್ತಿಸಿಕೊಂಡು, ಮೀನಾ ಸಲ್ಮಾನ್‌ನ ಒಂದು ಗೋದಾಮಿನ ಹಿಂದಿನ ಬಯಲಿಗೆ ಹೋಗುತ್ತಿದ್ದೆ. ಅಲ್ಲಿ ಎರಡು ಕಬ್ಬಿಣದ ಕಂಬ ನೆಟ್ಟು ನೆಟ್ ಕಟ್ಟಿದ್ದೆವು. ಸಮುದ್ರದ ಗಾಳಿ ಜೋರಾದರೆ ಸರ್ವೀಸು ಎಲ್ಲಿಗೆ ಬೀಳುತ್ತದೆಂದು ಹೊಡೆದವನಿಗೂ ಗೊತ್ತಾಗುತ್ತಿರಲಿಲ್ಲ.

ಒಂದನೇ ನಂಬರಿನವರನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದರು, ನಾನೂ. ವಯಸ್ಸು ನಲವತ್ತಾರು, ಒಂದು ವರ್ಕ್‌ಶಾಪಿನ ಫೋರ್‌ಮನ್. ಊರಲ್ಲಿದ್ದಾಗ ಅವರ ಸ್ಮ್ಯಾಶ್ ನೋಡಲು ಪಕ್ಕದ ತಾಲ್ಲೂಕಿನಿಂದ ಜನ ಬರುತ್ತಿದ್ದರಂತೆ. ಅದು ಸುಳ್ಳಿರಲಾರದು, ನಾನು ಕಂಡ ಮೊದಲ ವರ್ಷದಲ್ಲೂ ಅವರು ಎದ್ದು ಹೊಡೆದರೆ ಎದುರಿನವರು ಮುಖ ತಿರುಗಿಸುತ್ತಿದ್ದರು. ಆಮೇಲೆ ಬಲ ಮಂಡಿ ಕೈಕೊಟ್ಟಿತು. ಮಂಡಿಗೆ ಪಟ್ಟಿ ಸುತ್ತಿಕೊಂಡು, ಸ್ಪ್ರೇ ಹೊಡೆದುಕೊಂಡು ಬರುತ್ತಿದ್ದರು. ನೆಗೆದರೆ ಕಾಲು ನೆಲ ಬಿಟ್ಟಿತೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಹಾಗಾಗಿತ್ತು.

ಆದರೂ ಅವರು ಎಡಮೂಲೆಯ ಮುಖ್ಯ ಅಟ್ಯಾಕರ್. ಯಾಕೆಂದರೆ ತಂಡದ ಅರ್ಧಕ್ಕರ್ಧ ಜನರನ್ನು ಇಲ್ಲಿಗೆ ಕರೆಸಿಕೊಂಡವರೇ ಅವರು. ವೀಸಾಕ್ಕೆ ಯಾರ ಯಾರದೋ ಕಾಲು ಹಿಡಿದು, ವಿಮಾನ ನಿಲ್ದಾಣಕ್ಕೆ ಹೋಗಿ ಕರೆತಂದು, ರೂಮು ಹುಡುಕಿ, ಸಿಪಿಆರ್ ಎಂಬ ಇಲ್ಲಿನ ಗುರುತಿನ ಕಾರ್ಡು ಕೈಗೆ ಬರುವವರೆಗೆ ಜೊತೆಗೆ ಅಲೆದವರು. ಅಂಥವರನ್ನು ಬೆಂಚಿನಲ್ಲಿ ಕೂರು ಎಂದು ಯಾರು ಹೇಳುತ್ತಾರೆ? ಮ್ಯಾನೇಜರ್ ಹೇಳಬೇಕು. ಮ್ಯಾನೇಜರ್ ನಾನು.

ಬೆಂಚಿನಲ್ಲಿ ಯಾರೂ ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಇದ್ದರು. ಸೂಪರ್‌ಮಾರ್ಕೆಟ್ಟಿನಲ್ಲಿ ಕೆಲಸಕ್ಕಿದ್ದ ಒಬ್ಬ ಉದ್ದ ಹುಡುಗ, ಅಭ್ಯಾಸದಲ್ಲಿ ಅವನ ಹೊಡೆತ ಎತ್ತಲು ನಮ್ಮಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಅವನ ನಂಬರು ಇಪ್ಪತ್ತೊಂದು. ಇಪ್ಪತ್ತೊಂದನೇ ನಂಬರಿನವನು ಪಂದ್ಯದ ದಿನ ನೀರಿನ ಬಾಟಲಿ ಹಂಚುತ್ತಿದ್ದ.

ಹೊಸಬರಲ್ಲಿ ಒಳಗೆ ಸೇರಿಸಲು ಸಾಧ್ಯವಾದದ್ದು ಒಬ್ಬನನ್ನೇ, ನಮ್ಮ ಲಿಫ್ಟರ್. ಅದೂ ಹಳೇ ಲಿಫ್ಟರ್ ಕೆಲಸ ಬಿಟ್ಟು ಊರಿಗೆ ಹೋದದ್ದರಿಂದ. ವಾಲಿಬಾಲ್ ಬಲ್ಲವರಿಗೆ ಗೊತ್ತು, ಹೊಡೆಯುವವನಿಗೆ ಚಪ್ಪಾಳೆ ಬಿದ್ದರೂ ಆಟ ನಡೆಸುವವನು ಲಿಫ್ಟರ್. ಎರಡನೇ ಟಚ್ಚು ಅವನದು. ಎಡಕ್ಕೋ ಬಲಕ್ಕೋ ಮಧ್ಯಕ್ಕೋ, ಯಾರಿಗೆ ಎತ್ತಿಕೊಡಬೇಕೆಂದು ನಿರ್ಧರಿಸುವವನು ಅವನು. ಈ ಹುಡುಗನಿಗೆ ಇಪ್ಪತ್ತಮೂರು ವರ್ಷ. ಏಸಿ ರಿಪೇರಿಯ ಕೆಲಸ, ದಿನವಿಡೀ ಕಟ್ಟಡಗಳ ತಾರಸಿಯ ಮೇಲೆ. ಬೆರಳ ತುದಿಯೆಲ್ಲ ತಗಡು ಕೊಯ್ದ ಗಾಯ. ಆದರೆ ಅದೇ ಬೆರಳಿಗೆ ಚೆಂಡು ಬಂದರೆ ಸದ್ದೇ ಇಲ್ಲ. ಚೆಂಡು ಅವನ ಕೈ ಬಿಡುವವರೆಗೂ ಎದುರಿನ ಬ್ಲಾಕರ್‌ಗಳು ಬೆಪ್ಪಾಗಿ ನಿಂತಿರುತ್ತಿದ್ದರು. ಅವನ ಆಟ ನೋಡುವಾಗ ನನಗೆ ಸಂತೋಷವಾಗುತ್ತಿತ್ತು, ಅವನನ್ನು ನಾನೇ ಹೆತ್ತಿದ್ದೇನೋ ಎಂಬಷ್ಟು.

ಅವನಿಗೆ ಒಂದು ಅವಕಾಶವೂ ಬಂತು. ಇಲ್ಲಿನ ಒಂದು ದೊಡ್ಡ ಕಂಪನಿ ತನ್ನದೇ ವಾಲಿಬಾಲ್ ತಂಡ ಇಟ್ಟುಕೊಂಡಿತ್ತು. ಅದರ ಕೋಚ್ ಬಹರೈನಿನವರೇ, ವಯಸ್ಸಾದವರು, ಹಿಂದೆ ಒಳ್ಳೆಯ ಆಟಗಾರರಾಗಿದ್ದವರು. ಅವರಿಗೆ ಲಿಫ್ಟರ್ ಬೇಕಿತ್ತು. ಸಿಕ್ಕಿದವನಿಗೆ ಕಂಪನಿಯ ಸ್ಟೋರಿನಲ್ಲಿ ಕೆಲಸ, ವೀಸಾ ಬದಲಾವಣೆ ಅವರೇ ಮಾಡಿಸುತ್ತಾರೆ. ನಾನು ಫೋನು ಮಾಡಿ ಹುಡುಗನ ವಿಷಯ ಹೇಳಿದೆ. ಕನ್ನಡಿಗರ ತಂಡಗಳ ಪಂದ್ಯಾವಳಿಯ ಫೈನಲ್‌ಗೆ ಬಂದು ನೋಡುತ್ತೇನೆಂದರು. ಕೈ ಎಲ್ಲರಿಗೂ ಇರುತ್ತದೆ, ಬಿಗಿಯಾದ ಪಾಯಿಂಟಿನಲ್ಲಿ ಯಾರಿಗೆ ಚೆಂಡು ಕೊಡುತ್ತಾನೆ ಎನ್ನುವುದನ್ನಷ್ಟೇ ನಾನು ನೋಡುವುದು ಎಂದರು. ಹುಡುಗನಿಗೆ ಇದನ್ನು ಗಾಡಿಯಲ್ಲಿ ಹೇಳಿದೆ. ಅವನು ಕೇಳಿದ.

"ಸರ್, ಸ್ಟೋರ್ ಅಂದ್ರೆ ಒಳಗಿನ ಕೆಲ್ಸ ಅಲ್ವಾ? ಬಿಸಿಲಿಗೆ ಹೋಗ್ಲಿಕ್ಕಿಲ್ಲ?"

"ಒಳಗೇ ಕಣೋ. ಅದೂ ಏಸಿಯಲ್ಲಿ."

"ಏಸಿ ಹಾಳಾದ್ರೆ ನಾನೇ ರಿಪೇರಿ ಮಾಡ್ತೇನೆ ಅಂತ ಹೇಳಿ ಅವರಿಗೆ," ಎಂದು ನಕ್ಕ.

ಫೈನಲ್ ತಲುಪುವಷ್ಟರಲ್ಲಿ ನಾನು ಹಣ್ಣಾಗಿದ್ದೆ. ಲೀಗ್ ಪಂದ್ಯಗಳಲ್ಲೇ ನೋಡಿದ್ದೆ, ಈ ಹುಡುಗ ಉಳಿದ ಪಾಯಿಂಟುಗಳಲ್ಲಿ ಜಾಣನಾಗಿ ಆಡುತ್ತಾನೆ, ಬಿಗಿಯಾಯಿತೆಂದರೆ ಚೆಂಡು ಎಡಮೂಲೆಗೆ, ಅಣ್ಣನಿಗೆ. ಅಣ್ಣ ಹೊಡೆದದ್ದು ನೆಟ್ಟಿಗೆ. ನಾನು ಹೊರಗಿನಿಂದ ಗಂಟಲು ಹರಿಯುವಂತೆ ಕೂಗಿದರೂ ಅಷ್ಟೆ. ಒಮ್ಮೆ ಸಿಟ್ಟಿನಲ್ಲಿ ನೀರಿನ ಬಾಟಲಿ ನೆಲಕ್ಕೆ ಬಡಿದು ಅದು ಒಡೆದು ನನ್ನ ಪ್ಯಾಂಟೇ ಒದ್ದೆಯಾಯಿತು. ಮನೆಗೆ ಬಂದು ಊಟಕ್ಕೆ ಕೂತಾಗಲೂ ಅದೇ ಗೊಣಗಾಟ. ನನ್ನ ಹದಿಮೂರು ವರ್ಷದ ಮಗಳು ತಟ್ಟೆಯಿಂದ ತಲೆಯೆತ್ತದೆ ಅಂದಳು.

"ಪಪ್ಪಾ, ಜಸ್ಟ್ ಟೆಲ್ ಹಿಮ್. ವಾಟ್ಸ್ ದ ಬಿಗ್ ಡೀಲ್?"

"ನಿನಗೆ ಅರ್ಥ ಆಗಲ್ಲ, ಸುಮ್ಮನೆ ತಿನ್ನು," ಎಂದೆ.

"ಅವಳಿಗೆ ಅರ್ಥ ಆಗಿದೆ. ನಿಮಗೆ ಧೈರ್ಯ ಇಲ್ಲ," ಎಂದಳು ಹೆಂಡತಿ, ಸಾರು ಬಡಿಸುತ್ತಾ.

ಆ ಮಾತು ನಾಟಿತು. ಫೈನಲ್‌ನ ಹಿಂದಿನ ದಿನ, ಗುರುವಾರ ಸಂಜೆ, ಅಣ್ಣನನ್ನು ಗುದೈಬಿಯಾದ ಒಂದು ಚಿಕ್ಕ ಹೋಟೆಲಿಗೆ ಚಹಾಕ್ಕೆ ಕರೆದೆ. ಹೇಳಬೇಕಾದದ್ದನ್ನು ಗಾಡಿಯಲ್ಲೇ ನಾಲ್ಕು ಸಲ ಬಾಯಿಪಾಠ ಮಾಡಿದ್ದೆ. ಅಣ್ಣ ಬಂದರು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡದ್ದು ನನಗೆ ಕಂಡಿತು. ಚಹಾ ಬಂತು, ಬನ್ಸ್ ಬಂತು. ಮಕ್ಕಳ ಶಾಲೆಯ ಮಾತು ಆಯಿತು. ನಾನು ಬಾಯಿ ತೆರೆಯುವ ಮೊದಲೇ ಅವರೇ ಅಂದರು.

"ಸರ್, ನಾಳೆಗೆ ನಿಮಗೆ ಯಾರು ಸರಿ ಅಂತ ಕಾಣ್ತದೋ ಅವರನ್ನು ಇಳಿಸಿ. ನನ್ನನ್ನು ಕೂರಿಸಿದ್ರೂ ಅಡ್ಡಿಲ್ಲ ಮಾರಾಯ್ರೆ. ಆ ಉದ್ದ ಹುಡುಗ ಒಳ್ಳೆ ಹೊಡೀತಾನೆ."

ನನಗೆ ಬೇಕಾದ್ದು ಅದೇ. ತಟ್ಟೆಯಲ್ಲಿಟ್ಟು ಕೊಟ್ಟಿದ್ದರು. ಆಯ್ತು ಅಣ್ಣಾ ಎಂದು ಎರಡು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾನು ಏನಂದೆ?

"ಛೆ ಛೆ, ಎಂಥ ಮಾತು ಅಣ್ಣಾ. ನೀವಿಲ್ಲದೆ ಟೀಮ್ ಎಲ್ಲಿದೆ? ನೀವು ಒಳಗಿದ್ದರೆ ಹುಡುಗರಿಗೆ ಅದೇ ಒಂದು ಧೈರ್ಯ."

ಯಾರ ಮನೆಗಾದರೂ ಹೋದಾಗ ಊಟ ಮಾಡಿ ಎಂದರೆ ಹಸಿವಿದ್ದರೂ ಈಗಷ್ಟೇ ಆಯಿತು ಎನ್ನುತ್ತೇವಲ್ಲ, ಅದೇ ಬಾಯಿ. ಅವರು ಸೌಜನ್ಯಕ್ಕೆ ಹೇಳಿದರು, ನಾನೂ ಸೌಜನ್ಯಕ್ಕೆ ಬೇಡ ಎನ್ನಬೇಕು, ಆಮೇಲೆ ಅವರು ಇನ್ನೊಮ್ಮೆ ಒತ್ತಾಯಿಸಬೇಕು, ಆಗ ನಾನು ಒಪ್ಪಬೇಕು ಎಂದುಕೊಂಡಿದ್ದೆ. ಅವರು ಎರಡನೇ ಸಲ ಹೇಳಲಿಲ್ಲ. ಒಂದು ಕ್ಷಣ ನನ್ನ ಮುಖ ನೋಡಿ, "ಆಯ್ತು, ನೀವು ಹೇಳಿದ ಹಾಗೆ," ಎಂದು ಚಹಾ ಮುಗಿಸಿದರು. ವಾಪಸು ಬರುವಾಗ ಗಾಡಿಯಲ್ಲಿ ನನ್ನನ್ನು ನಾನೇ ಬೈದುಕೊಂಡ ಬೈಗುಳಗಳನ್ನು ಇಲ್ಲಿ ಬರೆಯಲಾರೆ.

ಶುಕ್ರವಾರ ಮಧ್ಯಾಹ್ನ ಫೈನಲ್. ಕೋಚ್ ಅರಬರ ಬಿಳಿ ನಿಲುವಂಗಿ ಥೋಬ್ ತೊಟ್ಟು ಬಂದು, ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದುಕೊಂಡು ನೆಟ್ಟಿನ ನೇರಕ್ಕೆ ಕೂತರು. ಮೊದಲ ಸೆಟ್ ನಮ್ಮದಾಯಿತು. ಹುಡುಗ ಅದ್ಭುತವಾಗಿ ಆಡಿದ. ಹಿಂದಕ್ಕೆ ನೋಡದೆ ಬೆನ್ನ ಹಿಂದೆ ಎತ್ತಿಕೊಟ್ಟ ಒಂದು ಚೆಂಡಿಗೆ ಕೋಚ್ ಪಕ್ಕದವರ ಕಡೆ ತಿರುಗಿ ಏನೋ ಹೇಳಿದರು. ನನ್ನ ಎದೆ ಉಬ್ಬಿತು. ಎರಡನೇ ಸೆಟ್ ಸೋತೆವು. ಮೂರನೆಯದರಲ್ಲಿ ಹನ್ನೆರಡು ಹನ್ನೆರಡು. ಹದಿನೈದಕ್ಕೆ ಮುಗಿಯುವ ಸೆಟ್. ಸರದಿಯ ಪ್ರಕಾರ ಅಣ್ಣ ಮುಂದಿನ ಸಾಲಿಗೆ, ಎಡಮೂಲೆಗೆ ಬಂದರು. ಕಾಲು ಎಳೆದುಕೊಂಡೇ ಬಂದರು.

ನನ್ನ ಪಕ್ಕದಲ್ಲಿ ಉದ್ದ ಹುಡುಗ ಮೈ ಬೆಚ್ಚಗೆ ಮಾಡಿಕೊಂಡು ನಿಂತಿದ್ದ. ಬದಲಿ ಆಟಗಾರ ಬೇಕೆಂದರೆ ಎರಡೂ ಕೈಗಳನ್ನು ಒಂದರ ಸುತ್ತ ಒಂದು ತಿರುಗಿಸಿ ಅಂಪೈರ್‌ಗೆ ತೋರಿಸಿದರಾಯಿತು. ನಾನು ಎದ್ದೆ. ಕೈ ಎತ್ತಿದೆ. ಅಷ್ಟರಲ್ಲಿ ಸುತ್ತ ನಿಂತಿದ್ದ ನೂರಿನ್ನೂರು ಜನ ಅಣ್ಣಾ ಅಣ್ಣಾ ಎಂದು ಕೂಗತೊಡಗಿದರು, ಅವರ ಹೆಂಡತಿ ಮಕ್ಕಳೂ ಅಲ್ಲೇ ಮುಂದೆ ಕೂತಿದ್ದರು. ಎತ್ತಿದ ಕೈಯಿಂದ ಚಪ್ಪಾಳೆ ತಟ್ಟಿ ಕೂತುಬಿಟ್ಟೆ.

ಚೆಂಡು ಲಿಫ್ಟರ್‌ನ ಕೈಗೆ ಬಂತು. ಬಲಮೂಲೆಯಲ್ಲಿ ನಮ್ಮವನೊಬ್ಬ ಕೈಯೆತ್ತಿಕೊಂಡು ಓಡಿ ಬರುತ್ತಿದ್ದ, ಅವನ ಎದುರು ಬ್ಲಾಕ್ ಮಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಹುಡುಗ ಅವನನ್ನು ನೋಡಿದ. ನೋಡಿ ಎಡಕ್ಕೆ ಕೊಟ್ಟ. ಅಣ್ಣ ನೆಗೆದರು, ಚೆಂಡು ನೆಟ್ಟಿಗೆ ಬಡಿಯಿತು. ಮುಂದಿನದೂ ಎಡಕ್ಕೆ. ಮೂವರು ಬ್ಲಾಕರ್‌ಗಳು ಮೊದಲೇ ಬಂದು ಕಾಯುತ್ತಿದ್ದರು, ಅವರ ಕೈಗೆ ತಗುಲಿ ನಮ್ಮ ಕಡೆಗೇ ಬಿತ್ತು. ಮೂರನೆಯದೂ ಎಡಕ್ಕೆ ಹೋದಾಗ ನಾನು ಆಟ ನೋಡುವುದನ್ನು ಬಿಟ್ಟು ಕೋಚ್ ಕಡೆ ನೋಡಿದೆ. ಅವರು ಕುರ್ಚಿಯಿಂದ ಏಳುತ್ತಿದ್ದರು.

ಪಾರ್ಕಿಂಗ್ ತನಕ ಅವರ ಹಿಂದೆ ಓಡಿದೆ. ಇನ್ನೊಂದು ಪಂದ್ಯ ನೋಡಿ ಎಂದು ಬೇಡಿಕೊಂಡೆ. ಅವರು ಸಮಾಧಾನದಿಂದಲೇ ಇಂಗ್ಲಿಷಿನಲ್ಲಿ ಹೇಳಿದರು. ಕೈ ಬಹಳ ಚೆನ್ನಾಗಿದೆ, ಆದರೆ ಎದುರಿನವರಿಗೆಲ್ಲ ಮೊದಲೇ ಗೊತ್ತಾಗುವ ಲಿಫ್ಟರ್ ನನಗೆ ಬೇಡ. ಗೆದ್ದ ತಂಡದ ಲಿಫ್ಟರ್‌ನ ಫೋನ್ ನಂಬರನ್ನು ಅವರು ಪಕ್ಕದವರಿಂದ ಆಗಲೇ ತೆಗೆದುಕೊಂಡಿದ್ದರು.

ಎಲ್ಲರನ್ನೂ ಒಬ್ಬೊಬ್ಬರಾಗಿ ಇಳಿಸಿ ಕೊನೆಗೆ ಗಾಡಿಯಲ್ಲಿ ನಾನು ಮತ್ತು ಅವನು ಉಳಿದೆವು. ಅವನ ರೂಮಿನ ಬೀದಿಗೆ ತಿರುಗುವವರೆಗೂ ತಡೆದುಕೊಂಡಿದ್ದೆ. ಆಮೇಲೆ ಆಗಲಿಲ್ಲ. ಬ್ರೇಕ್ ಹಾಕಿ, ತಿರುಗಿ, ಬಾಯಿಗೆ ಬಂದಂತೆ ಬೈದೆ. ಕಣ್ಣು ಕುರುಡಾಗಿತ್ತಾ ನಿಂಗೆ, ಬಲಗಡೆ ಅವನು ನಿಂತಿದ್ದು ಕಾಣಲಿಲ್ವಾ, ಇಡೀ ಜೀವನದ ಪ್ರಶ್ನೆ ಕಣೋ, ಮೂರಕ್ಕೆ ಮೂರೂ ಅಲ್ಲಿಗೇ ಯಾಕೆ ಕೊಟ್ಟೆ ಎಂದು ಕೇಳಿದೆ. ಅವನು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಎಲ್ಲ ಕೇಳಿಸಿಕೊಂಡ. ನಾನು ಬೈದು ಮುಗಿಸಿದಾಗ ಮೆಲ್ಲಗೆ ಹೇಳಿದ.

"ಕಂಡಿತ್ತು ಸರ್. ಆದ್ರೆ ಅಣ್ಣನನ್ನು ಅಲ್ಲಿ ಇಟ್ಟದ್ದು ನೀವಲ್ವಾ? ಅಷ್ಟು ಜನರ ಎದುರು ಅವರು ಕೈ ಎತ್ತಿ ಕೇಳ್ತಿದ್ದಾರೆ, ನಾನು ಕೊಡದೆ ಇರ್ಲಿಕ್ಕೆ ಆಗ್ತದಾ?"

ನಾನು ಏನೋ ಹೇಳಲು ಹೋದೆ.

"ನೀವು ಮ್ಯಾನೇಜರು. ಅವ್ರು ನಿಮಗೆ ವೀಸಾ ಕೊಡ್ಸಿದವ್ರಲ್ಲ, ರೂಮು ಮಾಡಿ ಕೊಟ್ಟವ್ರಲ್ಲ. ಅವ್ರನ್ನು ಕೂರಿಸ್ಲಿಕ್ಕೆ ನಿಮ್ಮಿಂದ ಆಗ್ಲಿಲ್ಲ. ನಿಮ್ಮಿಂದ ಆಗದ್ದನ್ನು ನಾನು ಮಾಡ್ಬೇಕಿತ್ತಾ ಸರ್?"

ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಿತ್ತು. ನಾಳೆ ಐದೂವರೆಗೆ ಡ್ಯೂಟಿ ಉಂಟು ಎಂದು ಹೇಳಿ, ಬಾಗಿಲು ಸದ್ದಾಗದಂತೆ ಹಾಕಿ ಹೋದ. ಹಿಂದಿನ ಟ್ಯಾಕ್ಸಿಯವನು ಹಾರ್ನ್ ಒತ್ತುತ್ತಲೇ ಇದ್ದ, ನಾನು ಗಾಡಿ ತೆಗೆಯಲು ಬಹಳ ಹೊತ್ತು ಹಿಡಿಯಿತು.

ಮ್ಯಾನೇಜರ್ ಕೆಲಸ ಬಿಟ್ಟೆ. ಹುಡುಗ ಈಗಲೂ ಅದೇ ಕಂಪನಿಯಲ್ಲಿ, ಅದೇ ಕೆಲಸದಲ್ಲಿದ್ದಾನೆ ಎಂದು ಕೇಳಿದ್ದೇನೆ. ಫೋನು ಮಾಡಿಲ್ಲ, ಮಾಡಿ ಏನು ಹೇಳಲಿ? ಬೇಸಿಗೆಯಲ್ಲಿ ನನ್ನ ಆಫೀಸಿನ ಎದುರಿನ ಕಟ್ಟಡದ ತಾರಸಿಯ ಮೇಲೆ ಯಾರಾದರೂ ತಲೆಗೆ ಬಟ್ಟೆ ಸುತ್ತಿಕೊಂಡು ಏಸಿ ಬಿಚ್ಚುತ್ತಿರುವುದು ಕಂಡರೆ, ಅದು ಅವನೋ ಅಲ್ಲವೋ ನೋಡಲು ನಿಲ್ಲುವುದಿಲ್ಲ. ಎದ್ದು ಹೋಗಿ ಕಿಟಕಿಯ ಪರದೆ ಎಳೆಯುತ್ತೇನೆ.