ಕೆರೆಯ ದಂಡೆಯಲ್ಲಿ ಕನ್ನಡಕ

ಶಿರಾ ಪೇಟೆಯಲ್ಲಿ ಕನ್ನಡಕ ಮಾರುತ್ತಿದ್ದ ಸಾಬರು ಪ್ರತಿ ಗಾಜನ್ನೂ ಅಂಗಿಯ ತುದಿಯಿಂದ ಒರೆಸಿ, ಒಂದು ಕಣ್ಣು ಮುಚ್ಚಿ ಬಿಸಿಲಿಗೆ ಹಿಡಿಯುತ್ತಿದ್ದರು. ಗಾಳ ಹಾಕುವವರು ಬಂದರೆ, "ನೀರನ್ನೇ ಕೇಳಾಣ ಬನ್ನಿ" ಎನ್ನುವರು.

ಭಾನುವಾರ ತಪ್ಪದೆ ಗಾಳ ಹಾಕುತ್ತಿದ್ದ ನನಗೆ ಆ ವರ್ಷ ಕೆರೆಯ ಹೊಳಪಿನಲ್ಲಿ ನೀರ ಮೇಲೆ ತೇಲುವ ಗಾಳದ ಬೆಂಡು ಕಾಣದಾಯಿತು. ಗಾಳ ಬಿಡುವುದೇ ಸರಿ ಎಂದುಕೊಂಡು, ಕೊನೆಯ ಪ್ರಯತ್ನವೆಂದು ಅವರಲ್ಲಿಗೆ ಹೋದೆ. ನನ್ನ ಪವರಿನ ಎರಡು ತಂಪು ಕನ್ನಡಕ ತೋರಿಸಿದರು, ಒಂದು ಕಡುಗಪ್ಪು, ಒಂದು ಕಂದು. ನಾನು ಕಡುಗಪ್ಪನ್ನು ಆರಿಸಿದೆ.

ಅವರು ಅಂಗಡಿಗೆ ಬೀಗ ಹಾಕಿ ನನ್ನನ್ನು ಕೆರೆಗೆ ಕರೆದೊಯ್ದರು. ಕಪ್ಪು ಗಾಜಿನಲ್ಲಿ ನೀರು ಕಪ್ಪಾಯಿತೇ ಹೊರತು ಹೊಳಪು ಹೋಗಲಿಲ್ಲ.

"ಅದು ಮದುವೆ ಮನೆಗೆ ಮೇಷ್ಟ್ರೇ. ಇದು ಹಾಕ್ಕಳಿ. ಮೊನ್ನೆ ಬಂದ ಫಾರಿನ್ ಮಾಲು, ನೀರಿನ ಹೊಳಪು ತಡೀತದಂತೆ, ನಾನೂ ಹಾಕಿ ನೋಡಿಲ್ಲ."

ಕಂದು ಗಾಜಿನಲ್ಲಿ ಹೊಳಪು ಸರಿದು, ಜೊಂಡಿನ ಬುಡದಲ್ಲಿ ನಿಂತ ಮೀನುಗಳು ಕಂಡವು. ಕೂಗಿಬಿಟ್ಟೆ.

"ಮೆಲ್ಲಗೆ! ಎಷ್ಟವೆ?"

"ನಾಲ್ಕು ಸಾಬರೇ!"

"ನಂಗೆ ಒಂದೂ ಕಾಣಾಕಿಲ್ವಲ್ಲ! ಈ ಕಡೆ ಕೊಡಿ, ನಂದೂ ನಿಮ್ಮ ಪವರೇ."

ಕೊಟ್ಟೆ. "ಯಾ ಅಲ್ಲಾ, ಐದವೆ!" ಎಂದು ಕುಣಿದರು.

ಮುಂದಿನ ಭಾನುವಾರ ಹೊಸ ಕನ್ನಡಕ ಹಾಕಿಕೊಂಡು ಗಾಳ ಬಿಟ್ಟೆ. ಬೆಂಡು ಸ್ಪಷ್ಟವಾಗಿ ಕಂಡಿತು. ಪಕ್ಕದಲ್ಲೇ ಕುಳಿತಿದ್ದ ಸಾಬರು ಕೈ ಚಾಚಿ, "ಈಗ ನನ್ನ ಸರದಿ ಮೇಷ್ಟ್ರೇ" ಎಂದರು.