ಶಿವಾಜಿನಗರದಲ್ಲಿ ಸಕ್ಕರೆಯಿಲ್ಲದ ಮನೆ

ವಿಜಯಪುರದಿಂದ ಶಿವಾಜಿನಗರಕ್ಕೆ ಬಂದು ಇನ್ನೂ ಪಾತ್ರೆಯ ಗಂಟು ಬಿಚ್ಚಿ ಮುಗಿದಿರಲಿಲ್ಲ; ಆಸ್ಪತ್ರೆಯ ಸ್ಟೆಲ್ಲಾ ಸಿಸ್ಟರ್ ನನ್ನ ಕೈಗೆ ಒಂದು ಸೂಜಿ, ಒಂದು ಮೂಸಂಬಿ ಕೊಟ್ಟು "ಮೊದ್ಲು ಇದಕ್ಕೆ ಚುಚ್ಚಿ ಕಲೀರಿ" ಅಂದರು. ಏಳು ವರ್ಷದ ನನ್ನ ಮಗಳು ಲೀಲಾಗೆ ಸಕ್ಕರೆ ಕಾಯಿಲೆ. ಅದು ಮುದುಕರ ರೋಗವೆಂದೇ ನಾನು ತಿಳಿದಿದ್ದೆ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ಕತ್ತರಿ ಹಿಡಿಯುವ ಗಂಡನ ಕೈ ಮೂಸಂಬಿಯ ಮೇಲೇ ನಡುಗಿತು.

"ಭಯ ಪಡ್ಬೇಡಿ. ಇನ್ಸುಲಿನ್ ಹಾಕಿದ್ಮೇಲೆ ಊಟ ಬಿಡಿಸ್ಬೇಡಿ. ಬೆವರು, ನಡುಕ ಬಂದ್ರೆ ಸಕ್ಕರೆ ಇಳಿದಿದೆ ಅಂತ. ತಕ್ಷಣ ಸಕ್ಕರೆ ನೀರು ಕುಡಿಸ್ಬೇಕು" ಎಂದರು ಸಿಸ್ಟರ್. ನಾನು ತಲೆಯಾಡಿಸಿದೆ. ತಲೆಯೊಳಗೆ ಉಳಿದದ್ದು ಸಕ್ಕರೆ ಕಾಯಿಲೆ ಎಂಬುದೊಂದೇ. ಮನೆಗೆ ಬಂದವಳೇ ಸಕ್ಕರೆ ಡಬ್ಬಿ, ಅವ್ವ ಕಟ್ಟಿಕೊಟ್ಟಿದ್ದ ಬೆಲ್ಲ ಎಲ್ಲವನ್ನೂ ಕಸದ ಗಾಡಿಗೆ ಸುರಿದೆ.

ನಮ್ಮೂರಲ್ಲಿ ಬಾಗಿಲಿಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಹೊತ್ತು ಮುಳುಗುವವರೆಗೆ ಬಾಗಿಲು ತೆರೆದೇ ಇರುತ್ತದೆ. ಇಲ್ಲಿ ಒಂದೇ ಕೋಣೆ, ಕಿಟಕಿ ತೆರೆದರೆ ಎದುರಿನವರ ಗೋಡೆ. ಸಾಲದೆಂದು ನಾನು ಚಿಲಕವನ್ನೂ ಹಾಕಿಕೊಂಡೆ. ಪಕ್ಕದ ಮನೆಯ ನಸೀಮಾ ಆಪಾ (ಆಪಾ ಅಂದರೆ ಅಕ್ಕ) ಮಗುವಿಗೆಂದು ಗಜ್ಜರಿ ಹಲ್ವಾ ತಂದಾಗ, "ನಮ್ಮ ಹುಡುಗಿಗಿ ಸಿಹಿ ಕೊಡಬ್ಯಾಡ್ರಿ" ಎಂದು ತಟ್ಟೆಯನ್ನು ಹಾಗೇ ಹಿಂದಿರುಗಿಸಿದೆ. ಕಾರಣ ಹೇಳಲಿಲ್ಲ. ಪಕ್ಕದವರ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ಮನೆಯಲ್ಲಿ ಬೆಳೆದವಳು ನಾನು. ಆಪಾ ತಟ್ಟೆಗೆ ಸೆರಗು ಮುಚ್ಚಿಕೊಂಡು ಹೋದರು.

ಒಂದು ಮಧ್ಯಾಹ್ನ ಸೂಜಿ ಹಾಕಿ ರೊಟ್ಟಿ ಬಡಿಸಿದೆ. ಲೀಲಾ ಅರ್ಧಕ್ಕೇ ಕೈತೊಳೆದಳು. ಎಷ್ಟು ಬೇಡಿದರೂ ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅಂಗಿ ಬೆವರಿನಲ್ಲಿ ತೊಯ್ದು, ಕೈ ನಡುಗಿ, "ಅವ್ವಾ, ಕಣ್ಣಿಗಿ ಕತ್ತಲಿ ಬರಾಕತ್ತೈತಿ" ಅಂದಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಸಿಸ್ಟರ್ ಮಾತು ಆಗ ನೆನಪಾಯಿತು. ಡಬ್ಬಿಗಳನ್ನೆಲ್ಲ ತಡಕಿದೆ. ಒಂದು ಹರಳು ಸಕ್ಕರೆ ಇರಲಿಲ್ಲ. ಚಿಲಕ ತೆಗೆದು ಪಕ್ಕದ ಬಾಗಿಲು ಬಡಿದೆ.

"ಆಪಾ, ಸಕ್ಕರಿ! ಕೂಸಿಗಿ ಸಕ್ಕರಿ ಬೇಕು!"

ಆಪಾ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಲೋಟದಲ್ಲಿ ಸಕ್ಕರೆ ಕಲಕುತ್ತಲೇ ಓಡಿ ಬಂದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಗುಟುಕು ಗುಟುಕಾಗಿ ಕುಡಿಸಿದರು. ಮುಖಕ್ಕೆ ಕಳೆ ಮರಳಿದ ಮೇಲೆ ನಾನು ಕಾಯಿಲೆ, ಸೂಜಿ ಎಲ್ಲವನ್ನೂ ಹೇಳಿದೆ; ಕೇಳಿ ನನ್ನನ್ನು ಗದರಿದರು: "ಕ್ಯಾ ಮಾ, ಹಿಂಗಿದೆ ಅಂತ ಮೊದ್ಲೇ ಹೇಳ್ಬಾರ್ದಾ? ನಾನೇನ್ ಶತ್ರುನಾ? ಆ ಸೂಜಿ ನಂಗೂ ಕಲಿಸ್ಕೊಡು."

ಮುಂದಿನ ಸಲ ಆಸ್ಪತ್ರೆಗೆ ಅವರೂ ಬಂದರು. ಮೂಸಂಬಿಯ ಮೇಲೆ ಅವರ ಕೈ ನಡುಗಲಿಲ್ಲ.

ಅವ್ವ ಫೋನಿನಲ್ಲಿ ಕರೆಯುತ್ತಲೇ ಇರುತ್ತಾಳೆ. "ಆ ಸೂಜಿ ಬಿಟ್ಟು ಊರಿಗಿ ಬಾ. ಹಾಲು ಮೊಸರು ಉಂಡ್ರ ಕೂಸು ಅರಾಮ ಆಗ್ತೈತಿ." ಇನ್ಸುಲಿನ್ ನಿಲ್ಲಿಸಿದರೆ ಮಗು ಉಳಿಯುವುದಿಲ್ಲ ಎಂದರೆ, ಕೆಟ್ಟ ಮಾತಾಡಬೇಡ ಎನ್ನುತ್ತಾಳೆ. ಅಲ್ಲಿಗೆ ಹೋದರೆ ಪ್ರೀತಿಯಿಂದಲೇ ಸೂಜಿ ಬಚ್ಚಿಡುತ್ತಾರೆ. ನನಗಿರುವ ಭಯ ಅದೇ. ಈ ಕೋಣೆಯಲ್ಲಿ ಉಸಿರು ಕಟ್ಟುತ್ತದೆ, ಆದರೂ ಬಿಟ್ಟು ಹೋಗಲಾರೆ. ಚಿಲಕ ಮಾತ್ರ ಈಗ ಹಗಲಲ್ಲಿ ಹಾಕುವುದಿಲ್ಲ.

ಮೊನ್ನೆ ಅವ್ವನಿಗೆ, "ಬೆಲ್ಲ ಕಳಸು, ಎರಡು ಪೆಂಟಿ" ಅಂದೆ.

"ಎರಡ್ಯಾಕ?"

"ಒಂದು ಆಪಾನ ಮನಿಗಿ."

"ಆಗಲಿ. ನೀ ಯಾವಾಗ ಬರ್ತಿ?"

ಆಪಾ ಒಳಗೆ ಲೀಲಾಳ ಬೆರಳು ಚುಚ್ಚಿ ಮೀಟರ್ ನೋಡುತ್ತಿದ್ದರು. "ಬೆಲ್ಲ ಲಗೂನ ಕಳಸವ್ವ" ಎಂದಷ್ಟೇ ಹೇಳಿ ಫೋನಿಟ್ಟು, ಮೀಟರಿನ ಅಂಕಿ ನೋಡಲು ಒಳಗೆ ಹೋದೆ.